ಧೂಳಿಗೆ ನೀರು ಹಾಕಿಸುತ್ತಿದ್ದವರು

ನನ್ನ ಗಂಡ ಕಲ್ಲಿದ್ದಲು ಗಣಿಯೊಂದರಲ್ಲಿ ಕೆಲಸಗಾರರ ಆರೋಗ್ಯ ಮತ್ತು ಶುಚಿತ್ವ ನೋಡಿಕೊಳ್ಳುವ ಸೂಪರ್‌ವೈಸರ್ ಆಗಿದ್ದರು. ಹಾಗೆಂದರೆ ಏನು ಎಂದು ವಿಜಯನಗರದ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಅಂದ್ರೆ ಕಕ್ಕಸು ತೊಳ್ಸೋದಾ?" ಎಂದು ಅತ್ತಿಗೆ ಒಮ್ಮೆ ಕೇಳಿಯೇಬಿಟ್ಟಿದ್ದರು. ಅದೂ ಇವರ ಕೆಲಸವೇ ಆಗಿತ್ತು. ಕಕ್ಕಸು, ಕುಡಿಯುವ ನೀರಿನ ಟ್ಯಾಂಕು, ಕ್ಯಾಂಟೀನಿನ ಪಾತ್ರೆ, ಸ್ನಾನದ ಶೆಡ್ಡು, ಮಾಸ್ಕು, ಇವೆಲ್ಲದಕ್ಕಿಂತ ಹೆಚ್ಚಾಗಿ ಧೂಳು. ಲಾರಿಗಳು ಓಡಾಡುವ ಗಣಿಯ ರಸ್ತೆಗಳಿಗೆ ಟ್ಯಾಂಕರಿನಲ್ಲಿ ನೀರು ಹಾಕಿಸಿ, ಧೂಳು ಏಳದಂತೆ ನೋಡಿಕೊಳ್ಳುವುದು ಇವರ ಜವಾಬ್ದಾರಿ. ಬೇರೆಯವರ ಎದೆಗೆ ಧೂಳು ಹೋಗಬಾರದೆಂದು ದಿನವಿಡೀ ಧೂಳಿನಲ್ಲಿ ನಿಲ್ಲುವ ಕೆಲಸ.

ನಾನು ಹುಟ್ಟಿ ಬೆಳೆದದ್ದು ವಿಜಯನಗರದಲ್ಲೇ. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು, ಸೈಟು ಕೊಂಡು, ಕೆಳಗೊಂದು ಮೇಲೊಂದು ಮನೆ ಕಟ್ಟಿಸಿದ್ದರು. ಇವರು ಕೆಂಗೇರಿ ಕಡೆಯವರು. ಹೆಲ್ತ್ ಇನ್‌ಸ್ಪೆಕ್ಟರ್ ಡಿಪ್ಲೊಮಾ ಮಾಡಿಕೊಂಡಿದ್ದರು, ಆದರೆ ಊರಲ್ಲಿ ಸಿಕ್ಕ ಕೆಲಸವೆಲ್ಲ ಇಂದು ಇದ್ದು ನಾಳೆ ಇಲ್ಲದ ಗುತ್ತಿಗೆಯದು. ಮಗಳು ಹುಟ್ಟಿದ ಮೇಲೆ, ಪರಿಚಯದವರ ಮೂಲಕ, ಉತ್ತರ ಭಾರತದ ಕಡೆ ಗಣಿ ನಡೆಸುತ್ತಿದ್ದ ಒಂದು ಖಾಸಗಿ ಕಂಪನಿಯಲ್ಲಿ ಈ ಕೆಲಸ ಸಿಕ್ಕಿತು. ಕ್ವಾರ್ಟರ್ಸ್ ಕೊಡುತ್ತಾರೆ, ಶಾಲೆ ಇದೆ, ಆಸ್ಪತ್ರೆ ಇದೆ ಎಂದರು. ಮೂವರೂ ಹೊರಟೆವು.

ಗಣಿ ಎಂದರೆ ನನ್ನ ಕಲ್ಪನೆಯಲ್ಲಿ ಸುರಂಗ. ಅಲ್ಲಿ ಸುರಂಗ ಇರಲಿಲ್ಲ. ನೆಲವನ್ನೇ ಮೆಟ್ಟಿಲು ಮೆಟ್ಟಿಲಾಗಿ ಬಗೆದು ಮಾಡಿದ ದೊಡ್ಡ ಹೊಂಡ. ಮೇಲೆ ನಿಂತು ನೋಡಿದರೆ ಲಾರಿಗಳು ಆಟದ ಸಾಮಾನಿನಂತೆ ಕಾಣುತ್ತಿದ್ದವು, ಹತ್ತಿರ ಹೋದರೆ ಅವುಗಳ ಒಂದು ಚಕ್ರವೇ ನನಗಿಂತ ಎತ್ತರ. ಮಧ್ಯಾಹ್ನ ಬಂಡೆ ಸಿಡಿಸಿದಾಗ ನಮ್ಮ ಕ್ವಾರ್ಟರ್ಸಿನ ಕಿಟಕಿ ಗಾಜು ಅದುರುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದೆಯೇ ಧೂಳು ಬರುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ, ಹಾಲಿನ ಪಾತ್ರೆಗೆ ಮುಚ್ಚಿದ ತಟ್ಟೆಯ ಮೇಲೆ, ಮಲಗಿದ ಮಗಳ ರೆಪ್ಪೆಯ ಮೇಲೆ. ಮೊದಲ ವರ್ಷ ನಾನು ದಿನಕ್ಕೆ ಎಷ್ಟೋ ಸಲ ನೆಲ ಒರೆಸುತ್ತಿದ್ದೆ. ಆಮೇಲೆ ಬಿಟ್ಟೆ.

ಇವರು ಮಾತ್ರ ಬಿಡಲಿಲ್ಲ. ಬೆಳಗ್ಗೆ ಹೊರಟರೆ ಸಂಜೆಯವರೆಗೆ ಹೊಂಡದೊಳಗೇ ಓಡಾಟ. ಯಾರಾದರೂ ಮಾಸ್ಕು ಕೊರಳಿಗೆ ಇಳಿಸಿಕೊಂಡು ಡ್ರಿಲ್ ಮಾಡುತ್ತಿದ್ದರೆ ದೂರದಿಂದಲೇ ಕೂಗುತ್ತಿದ್ದರಂತೆ. ಮೆಷಿನ್ನುಗಳ ಸದ್ದಿನಲ್ಲಿ ಕೂಗು ಕೇಳಬೇಕಾದರೆ ಇವರು ತಮ್ಮ ಮಾಸ್ಕು ತೆಗೆಯಬೇಕು. ಹಾಗಾಗಿ ಮಾಸ್ಕು ಹಾಕಿಕೊಳ್ಳಿ ಎಂದು ಹೇಳುವವರ ಮುಖಕ್ಕೇ ಮಾಸ್ಕು ಇರುತ್ತಿರಲಿಲ್ಲ. ಮನೆಗೆ ಬಂದು ಮೂಗು ಒರೆಸಿಕೊಂಡರೆ ಕರವಸ್ತ್ರ ಕಪ್ಪಾಗುತ್ತಿತ್ತು. "ನೀವೂ ಹಾಕ್ಕೊಳಿ" ಎಂದರೆ, "ನಾನೇನು ಕಲ್ಲಿದ್ದಲು ಅಗೀತೀನಾ? ನಿಂತು ನೋಡ್ತೀನಿ ಅಷ್ಟೇ" ಎನ್ನುತ್ತಿದ್ದರು.

ಕೆಲಸಗಾರರಿಗೆಂದು ಕಂಪನಿ ಒಂದು ಸ್ನಾನದ ಶೆಡ್ಡು ಕಟ್ಟಿಸಿತ್ತು. ಬಿಳಿ ಟೈಲ್ಸು, ಸಾಲಾಗಿ ಶವರು, ಬಟ್ಟೆ ಬದಲಿಸಲು ಬೇರೆ ಕೋಣೆ. ಕೆಲಸ ಮುಗಿದ ಮೇಲೆ ಅಲ್ಲೇ ಮಿಂದು, ಕೊಳೆ ಬಟ್ಟೆ ಅಲ್ಲೇ ಬಿಟ್ಟು ಮನೆಗೆ ಹೋಗಬೇಕು, ಮನೆಯವರ ಉಸಿರಿಗೆ ಧೂಳು ಹೋಗಬಾರದು ಎಂಬುದು ನಿಯಮ. ನಿಯಮವನ್ನು ಹಿಂದಿಯಲ್ಲಿ ದೊಡ್ಡದಾಗಿ ಬರೆಸಿ ಗೋಡೆಗೆ ಹಾಕಿದ್ದರು. ನೀರು ಮಾತ್ರ ಬರುತ್ತಿರಲಿಲ್ಲ. ಸರ್ಕಾರದವರು ತಪಾಸಣೆಗೆ ಬರುವ ಹಿಂದಿನ ದಿನ ಬೀಗ ತೆಗೆದು, ಟ್ಯಾಂಕು ತುಂಬಿಸಿ, ಹೊಸ ಸೋಪು ಇಡುತ್ತಿದ್ದರು. ಅವರು ಹೋದ ಮೇಲೆ ಮತ್ತೆ ಬೀಗ. ರಸ್ತೆಗೆ ನೀರು ಹಾಕುವ ಟ್ಯಾಂಕರ್‌ಗಳ ಕತೆಯೂ ಅದೇ. ಡೀಸೆಲ್ ಉಳಿಸಬೇಕು ಎಂದು ಅವು ಹೆಚ್ಚಿನ ಹೊತ್ತು ನಿಂತೇ ಇರುತ್ತಿದ್ದವು. ಇವರು ಮ್ಯಾನೇಜರ್ ಹತ್ತಿರ ಹೋಗಿ ಕೇಳುವುದು, ಅವರು ನೋಡೋಣ ಎನ್ನುವುದು, ಹೀಗೆ ನಡೆಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಇವರಿಗೆ ತಡೆಯಲಾಗಲಿಲ್ಲ. ಕಂಪನಿಯ ಗೆಸ್ಟ್‌ಹೌಸಿನ ಮುಂದೆ ಹುಲ್ಲುಹಾಸು ಇತ್ತು, ಅದಕ್ಕೆ ದಿನವೂ ಒಂದು ಟ್ಯಾಂಕರ್ ನೀರು ಹೋಗುತ್ತಿತ್ತು. ಒಂದು ಸಂಜೆ ಇವರು ಆ ಟ್ಯಾಂಕರನ್ನು ನಮ್ಮ ಕ್ವಾರ್ಟರ್ಸಿನ ಮುಂದೆಯೇ ಅಡ್ಡಹಾಕಿ, ಡ್ರೈವರ್ ಪಕ್ಕ ಹತ್ತಿ ಕೂತು, ಸ್ನಾನದ ಶೆಡ್ಡಿಗೆ ತಿರುಗಿಸಿದರು. ಬೀಗ ಯಾರು ಒಡೆದರೋ ಗೊತ್ತಿಲ್ಲ. ನಾನು ಮಗಳನ್ನು ಎತ್ತಿಕೊಂಡು ರಸ್ತೆಯ ತುದಿಯವರೆಗೆ ಹೋಗಿ ನೋಡಿದೆ. ಒಳಗೆ ಹೋದವರು ಎಲ್ಲರೂ ಒಂದೇ ಬಣ್ಣದವರು. ಹೊರಗೆ ಬಂದಾಗ ಒಬ್ಬ ಕೆಂಪಗೆ, ಒಬ್ಬ ಎಣ್ಣೆಗೆಂಪು, ಒಬ್ಬನಿಗೆ ಕೆನ್ನೆಯ ಮೇಲೆ ದೊಡ್ಡ ಮಚ್ಚೆ. ಅವನನ್ನು ನಾನು ದಿನವೂ ನೋಡುತ್ತಿದ್ದೆ, ಮಚ್ಚೆ ನೋಡಿರಲಿಲ್ಲ. ಅವರೆಲ್ಲ ಮಕ್ಕಳ ಹಾಗೆ ಕೂಗಾಡುತ್ತಿದ್ದರು. ಇವರು ಟ್ಯಾಂಕರ್ ಮೇಲೆ ನಿಂತು ಪೈಪು ಹಿಡಿದಿದ್ದರು. ನನ್ನ ಗಂಡನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ನೋಡಿದ್ದಿಲ್ಲ.

ಮರುದಿನ ಮ್ಯಾನೇಜರ್ ಇವರನ್ನು ಕರೆಸಿ ಏನು ಹೇಳಿದರೋ ಇವರು ನನಗೆ ಪೂರ್ತಿ ಹೇಳಲಿಲ್ಲ. ಸ್ವಲ್ಪ ದಿನ ಶೆಡ್ಡಿಗೆ ನೀರು ಬಂತು, ಆಮೇಲೆ ನಿಂತಿತು. ಇವರಿಗೆ ಬರಬೇಕಾಗಿದ್ದ ಬಡ್ತಿಯೂ ನಿಂತಿತು. ಆದರೆ ಗಣಿಯಲ್ಲಿ ಇವರ ಹೆಸರು ನೆಲೆನಿಂತಿತು. ಕೆಲಸಗಾರರು ಎದುರು ಸಿಕ್ಕರೆ ಸೈಕಲ್ ಇಳಿದು "ನಮಸ್ತೆ ಸಾಬ್" ಎನ್ನುತ್ತಿದ್ದರು. ಇವರಿಗೆ ಅಷ್ಟು ಸಾಕಾಗಿತ್ತು. ಇವರಿಗೆ ಯಾವಾಗಲೂ ಅಷ್ಟು ಸಾಕು.

ಕಂಪನಿಯ ಗುತ್ತಿಗೆ ಮುಗಿದು ಬೇರೆಯವರು ಬಂದಾಗ ಹಳೆಯ ಸಿಬ್ಬಂದಿಯನ್ನೆಲ್ಲ ಕೈಬಿಟ್ಟರು. ನಾವು ವಿಜಯನಗರಕ್ಕೆ ವಾಪಸಾದೆವು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಕೆಳಗಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಗಳು. ಮೇಲಿನ ಮನೆ ನನ್ನ ಹೆಸರಿಗೆ ಇದ್ದದ್ದರಿಂದ ಬಾಡಿಗೆಯವರನ್ನು ಬಿಡಿಸಿ ಅಲ್ಲಿ ಸೇರಿಕೊಂಡೆವು. ಬಾಡಿಗೆಯನ್ನು ಅಲ್ಲಿಯವರೆಗೆ ಅಣ್ಣನೇ ತೆಗೆದುಕೊಳ್ಳುತ್ತಿದ್ದುದರಿಂದ, ನಾವು ಬಂದದ್ದು ಕೆಳಗಿನವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಇವರಿಗೆ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಹೋಗಿಬರುತ್ತಿದ್ದರು. ಮನೆಯಿಂದ ಸ್ಟೇಷನ್ನಿಗೆ ನಡೆಯುವಷ್ಟರಲ್ಲೇ ಅಲ್ಲಲ್ಲಿ ನಿಂತು, ಯಾವುದೋ ಅಂಗಡಿಯ ಬೋರ್ಡು ಓದುವವರಂತೆ ನಟಿಸುತ್ತಾರೆ ಎಂದು ಮಗಳು ಬಂದು ಹೇಳಿದಳು. "ಅಮ್ಮಾ, ಅಪ್ಪ ಓದ್ತಿಲ್ಲ. ಉಸಿರು ಎಳ್ಕೊಳ್ತಿದಾರೆ."

ಕೆಮ್ಮು ಗಣಿಯಲ್ಲೇ ಶುರುವಾಗಿತ್ತು. ಅಲ್ಲಿ ಎಲ್ಲರೂ ಕೆಮ್ಮುತ್ತಿದ್ದರು, ಹಾಗಾಗಿ ಕೇಳಿಸುತ್ತಿರಲಿಲ್ಲ. ಇಲ್ಲಿ ಇಡೀ ಬೀದಿಗೆ ಕೇಳಿಸಿತು. ಹತ್ತಿರದ ಕ್ಲಿನಿಕ್ಕಿನವರು ಎಕ್ಸ್‌ರೇ ನೋಡಿ ಟಿಬಿ ಇರಬಹುದು ಎಂದರು. ಕಫದಲ್ಲಿ ಏನೂ ಸಿಗಲಿಲ್ಲ. ಆದರೂ ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದರು. ಊಟ ಸೇರಲಿಲ್ಲ, ಮೈ ಇಳಿಯಿತು, ಕೆಮ್ಮು ಅಲ್ಲೇ ಇತ್ತು. ಮತ್ತೊಬ್ಬರ ಹತ್ತಿರ ಹೋದೆವು. ಅವರು ಹಳೆಯ ಚೀಟಿ ನೋಡಿ, ಮೊದಲ ಸಲ ಸರಿಯಾಗಿ ವಾಸಿಯಾಗಿಲ್ಲ ಎಂದು ಮತ್ತೆ ಅದೇ ಮಾತ್ರೆ ಬರೆದರು.

ಟಿಬಿ ಎಂಬ ಮಾತು ಕೆಳಗೆ ಹೇಗೆ ತಲುಪಿತೋ ತಿಳಿಯದು. ಹಬ್ಬಕ್ಕೆ ಊಟಕ್ಕೆ ಹೋದಾಗ ಅತ್ತಿಗೆ ಇವರಿಗೆ ಮಾತ್ರ ಪೇಪರ್ ಲೋಟದಲ್ಲಿ ನೀರು ಕೊಟ್ಟರು. ಇವರು ಕುಡಿದು, ಲೋಟವನ್ನು ತಾವೇ ಎದ್ದು ಹೋಗಿ ಕಸದ ಬುಟ್ಟಿಗೆ ಹಾಕಿ ಬಂದರು. ಏನೂ ಆಗದವರಂತೆ ಪಾಯಸ ಚೆನ್ನಾಗಿದೆ ಎಂದರು. ನಾನು ಆ ಪಾಯಸ ಮುಟ್ಟಲಿಲ್ಲ.

ಅಣ್ಣನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಆ ಭಾನುವಾರ ಬೆಳಗ್ಗೆ ಅಣ್ಣ ಮೇಲೆ ಬಂದ. ಬಾಗಿಲಲ್ಲೇ ನಿಂತು ಇವರ ಜೊತೆ ಮಾತಾಡಿದ.

"ಭಾವ, ತಪ್ಪು ತಿಳ್ಕೋಬೇಡಿ. ಇವತ್ತೊಂದಿನ ಎಲ್ಲಾದ್ರೂ ಹೊರಗಡೆ ಹೋಗಿ ಬಂದ್ಬಿಡ್ತೀರಾ? ಅವ್ರು ಬಂದಾಗ ಕೆಮ್ಮು ಕೇಳಿಸ್ಬಿಟ್ರೆ, ಮನೇಲಿ ಏನೋ ಇದೆ ಅಂತ..."

"ಅಯ್ಯೋ, ಅದಕ್ಕೇನಂತೆ? ಮಲ್ಲತ್ತಹಳ್ಳಿ ಕೆರೆ ಕಡೆ ಹೋಗ್ಬರ್ತೀವಿ" ಎಂದರು ಇವರು, ನಗುತ್ತಾ.

ನಾನು ಅಣ್ಣನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ಅಪ್ಪ ಕಟ್ಟಿಸಿದ ಮನೆಯಿಂದ ನನ್ನ ಗಂಡನನ್ನು ಹಗಲು ಹೊತ್ತಿನಲ್ಲಿ ಹೀಗೆ ಹೊರಗೆ ಕಳಿಸಿದ್ದನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಆಟೋ ಹಿಡಿದು ಹೋದೆವು. ಕೆರೆಯ ಸುತ್ತ ಜನ ಬೀಸುಗಾಲು ಹಾಕಿ ನಡೆಯುತ್ತಿದ್ದರು. ಇವರಿಗೂ ನಡೆಯಬೇಕೆನಿಸಿತು. ಬೇಡ ಎಂದೆ, ಕೇಳಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೇಲಿಯ ಕಂಬಿ ಹಿಡಿದು ನಿಂತರು. ತುಟಿ ನೀಲಿಯಾಗಿತ್ತು. ನಡೆಯುತ್ತಿದ್ದ ಒಬ್ಬ ಹುಡುಗ ಓಡಿ ಬಂದು, "ಅಂಕಲ್, ಕೂತ್ಕೊಳಿ, ಕೂತ್ಕೊಳಿ" ಎಂದು ಹಿಡಿದುಕೊಂಡು, ತನ್ನ ಕಾರಿನಲ್ಲೇ ಹತ್ತಿರದ ಆಸ್ಪತ್ರೆಗೆ ಸೇರಿಸಿದ.

ಅಲ್ಲಿ ಒಬ್ಬ ಡಾಕ್ಟರಮ್ಮ, ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು, ಆಕ್ಸಿಜನ್ ಹಾಕಿಸಿ, ಎಕ್ಸ್‌ರೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಇಷ್ಟು ದಿನ ಯಾವ ಡಾಕ್ಟರೂ ಕೇಳದಿದ್ದ ಪ್ರಶ್ನೆ ಕೇಳಿದಳು.

"ಸಾರ್, ನೀವು ಮುಂಚೆ ಏನ್ ಕೆಲಸ ಮಾಡ್ತಿದ್ರಿ?"

"ಕಲ್ಲಿದ್ದಲು ಗಣಿಲಿ ಇದ್ದೆ ಡಾಕ್ಟ್ರೇ. ಆದ್ರೆ ಅಗಿಯೋ ಕೆಲಸ ಅಲ್ಲ. ಸೂಪರ್‌ವೈಸರ್."

"ಎಲ್ಲಿ ನಿಂತ್ಕೊಂಡು ಸೂಪರ್‌ವೈಸ್ ಮಾಡ್ತಿದ್ರಿ?"

"ಗಣಿ ಒಳಗೇ."

"ಮತ್ತೆ? ಗಾಳಿ ಅದೇ ಅಲ್ವಾ ಸಾರ್?"

ಸ್ಕ್ಯಾನ್ ಮಾಡಿಸಿದರು. ಟಿಬಿ ಅಲ್ಲವೇ ಅಲ್ಲ. ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗಿದೆ, ಅದನ್ನು ತೆಗೆಯಲು ಬರುವುದಿಲ್ಲ, ಇನ್ನು ಮೇಲೆ ಇರುವಷ್ಟನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ ಎಂದಳು ಡಾಕ್ಟರಮ್ಮ. ಎರಡು ಸಲ ನುಂಗಿದ ಮಾತ್ರೆಗಳೆಲ್ಲ ದಂಡ. ನಾನು ಮನೆಗೆ ಬಂದು ನೇರ ಕೆಳಗಿನ ಮನೆಗೆ ಹೋಗಿ, "ಟಿಬಿ ಅಲ್ವಂತೆ, ಯಾರಿಗೂ ಅಂಟಲ್ವಂತೆ" ಎಂದೆ. ಅತ್ತಿಗೆ, "ಸದ್ಯ, ಒಳ್ಳೇದಾಯ್ತು" ಎಂದರು. ಗಂಡಿನವರು ಒಪ್ಪಿಕೊಂಡಿದ್ದರಂತೆ, ಮನೆಯಲ್ಲಿ ಮೈಸೂರುಪಾಕು ಇತ್ತು. ನನಗೂ ಒಂದು ಕೊಟ್ಟರು.

ಇದು ಗಣಿ ಕೆಲಸದಿಂದಲೇ ಬಂದ ಕಾಯಿಲೆ, ಕಂಪನಿಯವರು ಪರಿಹಾರ ಕೊಡಬೇಕು, ಚಿಕಿತ್ಸೆ ನೋಡಿಕೊಳ್ಳಬೇಕು, ಕೇಳಿ ಎಂದು ಡಾಕ್ಟರಮ್ಮನೇ ಹೇಳಿದಳು. ಇವರಿಗೆ ಕೇಳುವ ಮನಸ್ಸಿರಲಿಲ್ಲ. ನಾನು ಬಿಡಲಿಲ್ಲ. ಕಂಪನಿಗೆ ರಾಜಾಜಿನಗರದಲ್ಲಿ ಒಂದು ಆಫೀಸಿತ್ತು. ಅಲೆದೂ ಅಲೆದೂ ಕೊನೆಗೆ, ಅವರ ಕಡೆಯ ಡಾಕ್ಟರ್ ಮತ್ತು ಸಿಬ್ಬಂದಿ ಅಧಿಕಾರಿಯ ಮುಂದೆ ಹಾಜರಾಗಿ ಎಂದು ಕರೆ ಬಂತು. ಇವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡರು. ಗಣಿಯಲ್ಲಿದ್ದಾಗ ಬಿಳಿ ಶರ್ಟು ಹಾಕಿದ್ದೇ ಇಲ್ಲ.

ಅಧಿಕಾರಿ ಕನ್ನಡದವರೇ. ತುಂಬ ವಿನಯವಂತರು. ಕೂರಿಸಿ, ಕಾಫಿ ತರಿಸಿಕೊಟ್ಟರು. ಫ್ಯಾನು ಜಾಸ್ತಿಯಾಯಿತಾ ಎಂದು ಕೇಳಿದರು. ಡಾಕ್ಟರ್ ಸ್ಕ್ಯಾನ್ ನೋಡುತ್ತಾ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಮಾತೆಲ್ಲ ಅಧಿಕಾರಿಯದೇ.

"ಸಾರ್, ಅಲ್ಲಿ ನಿಮ್ಮ ಕೆಲಸ ಏನಿತ್ತು?"

"ಹೆಲ್ತ್ ಅಂಡ್ ಹೈಜೀನ್. ಡಸ್ಟ್ ಕಂಟ್ರೋಲು ನಂದೇ."

"ರಸ್ತೆಗೆ ನೀರು ಹಾಕ್ಸ್ತಿದ್ರಿ?"

"ಹಾಕ್ಸ್ತಿದ್ದೆ."

"ಎಲ್ಲಾರ್ಗೂ ಮಾಸ್ಕ್ ಕೊಡ್ತಿದ್ರಿ?"

"ಕೊಡ್ತಿದ್ದೆ ಸಾರ್."

"ಹಾಗಾದ್ರೆ ಧೂಳು ಕಂಟ್ರೋಲಲ್ಲಿತ್ತು ಅಂತಾಯ್ತು." ಅವರು ಪೆನ್ನು ಕೆಳಗಿಟ್ಟರು. "ಧೂಳು ಕಂಟ್ರೋಲಲ್ಲಿದ್ರೆ ನಿಮಗೆ ಈ ಕಾಯಿಲೆ ಅಲ್ಲಿ ಬರೋಕೆ ಸಾಧ್ಯ ಇಲ್ಲ. ಅಲ್ಲೇ ಬಂತು ಅನ್ನೋದಾದ್ರೆ, ತಪ್ಪು ತಿಳ್ಕೋಬೇಡಿ, ನೀವು ನಿಮ್ಮ ಕೆಲಸ ಸರಿಯಾಗಿ ಮಾಡಿಲ್ಲ ಅಂತಾಗುತ್ತೆ. ಎರಡ್ರಲ್ಲಿ ಯಾವ್ದು ಅಂತ ಬರ್ಕೊಳ್ಲಿ ಸಾರ್?"

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ತಡೆಯಲಾಗಲಿಲ್ಲ.

"ನೀರೆಲ್ಲಿತ್ತು? ಹೇಳ್ರೀ! ಇನ್‌ಸ್ಪೆಕ್ಷನ್ ಬಂದಾಗ ಮಾತ್ರ ಅಲ್ವಾ ಟ್ಯಾಂಕರ್ ಓಡ್ತಿದ್ದಿದ್ದು? ಶೆಡ್ಡಿಗೆ ಬೀಗ ಹಾಕಿದ್ರು ಅಂತ ಹೇಳಿ. ನೀವು ಎಷ್ಟು ಸಲ ಹೋಗಿ ಕೇಳಿದ್ರಿ ಅಂತ ಹೇಳಿ!"

"ಮೇಡಂ, ಪ್ಲೀಸ್. ಅವರೇ ಹೇಳ್ಲಿ."

ಇವರು ಕಾಫಿ ಲೋಟವನ್ನೇ ನೋಡುತ್ತಿದ್ದರು. ಉಸಿರು ಎಳೆದುಕೊಳ್ಳುವ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು. ಆ ಸದ್ದೇ ಸಾಕಾಗಿತ್ತು, ಬೇರೆ ಸಾಕ್ಷಿ ಯಾಕೆ ಬೇಕಿತ್ತೋ.

"ನನ್ನ ಕೆಲಸ ನಾನು ಸರಿಯಾಗೇ ಮಾಡಿದೀನಿ ಸಾರ್" ಎಂದರು.

ಅಧಿಕಾರಿ ಹಾಗೆಯೇ ಬರೆದುಕೊಂಡರು. ಸಹಿ ಹಾಕಿಸಿಕೊಂಡರು. ಹೊರಡುವಾಗ ಬಾಗಿಲವರೆಗೆ ಬಂದು, ಮೆಟ್ಟಿಲು ಬೇಡ, ಲಿಫ್ಟಲ್ಲೇ ಹೋಗಿ ಸಾರ್ ಎಂದರು.

ಮನೆಗೆ ಬಂದು, ಬಾಗಿಲು ಹಾಕಿ, ಕೆಳಗಿನವರಿಗೆ ಕೇಳಿಸಿದರೂ ಕೇಳಿಸಲಿ ಎಂದು ಕೂಗಿದೆ. ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ಮರ್ಯಾದೆ ಅನ್ನೋದನ್ನ ಉಪ್ಪು ಹಾಕಿಕೊಂಡು ನೆಕ್ಕಿ ಎಂದದ್ದು ನೆನಪಿದೆ. ಇವರು ಮಂಚದ ಅಂಚಿನಲ್ಲಿ ಕೂತು, ಮೊಣಕಾಲ ಮೇಲೆ ಕೈಯೂರಿ, ನಾನು ಸುಮ್ಮನಾಗುವವರೆಗೆ ಕಾದರು.

"ನೀರಿರ್ಲಿಲ್ಲ ಅಂತ ಅವನ ಮುಂದೆ ಹೇಳಿದ್ರೆ, ಅಷ್ಟು ವರ್ಷ ನಾನಲ್ಲಿ ಏನ್ ಮಾಡ್ತಿದ್ದೆ ಹೇಳು" ಎಂದರು. "ಆ ಹುಡುಗ್ರು ಬಂದು ಎದೆ ನೋವು ಸಾಬ್ ಅಂದಾಗ, ಮಾಸ್ಕ್ ಹಾಕ್ಕೊಂಡು ಹೋಗ್ರೋ, ಏನೂ ಆಗಲ್ಲ, ನಾನಿದೀನಿ ಅಂತ ವಾಪಸ್ ಕಳ್ಸಿದೀನಿ ಕಣೇ. ನಂಬಿ ಹೋದ್ರು. ಈಗ ಏನೂ ಇರ್ಲಿಲ್ಲ ಅಂದ್ರೆ, ನಾನು ಯಾವನು?"

"ನಾವು? ನಾನು, ಈ ಮಗು? ನಮಗೇನ್ ಹೇಳ್ತೀರಾ?"

ಅವರಿಗೆ ಕೆಮ್ಮು ಬಂತು. ನಾನು ನೀರು ತರಲು ಎದ್ದೆ. ಜಗಳವಾಡುವಾಗಲೂ ನಾನೇ ಏಳಬೇಕಾಗಿತ್ತು ಎಂಬುದು ನನಗೆ ಆ ಕ್ಷಣದಲ್ಲಿ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಂಡಿತು.

ಕೆಲವು ವಾರಗಳಲ್ಲಿ ಕಂಪನಿಯಿಂದ ಉತ್ತರ ಬಂತು. ಇಲ್ಲ ಎಂದು.

ಇವರು ಕೆಲಸಕ್ಕೆ ಹೋಗುವುದು ನಿಂತಿತು. ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ನೀವು ಬರ್ತೀರಾ ಮೇಡಂ ಅವರ ಬದ್ಲು?" ಎಂದು ಕೇಳಿದರು. ಒಪ್ಪಿಕೊಂಡೆ. ನೆಲ ಒರೆಸುವವರ ಮೇಲೆ ಕಣ್ಣಿಡುವುದು, ಫಿನಾಯಿಲ್, ಕೈಗವಸು. ಮನೆಗೆ ಆಕ್ಸಿಜನ್ ಮೆಷಿನ್ ಬಂತು. ದಿನವಿಡೀ ಅದರ ಗುಡುಗುಡು ಸದ್ದು. ಮಗಳು ಡಿಗ್ರಿ ಓದುತ್ತಿದ್ದಳು. ಅಪ್ಪನ ಪಕ್ಕದಲ್ಲೇ ಕೂತು ಓದಿಕೊಳ್ಳುತ್ತಿದ್ದಳು, ಕರೆಂಟ್ ಹೋದರೆ ಸಿಲಿಂಡರಿಗೆ ಬದಲಾಯಿಸಲು.

ಒಂದು ಸಂಜೆ ನಾನು ಕೆಲಸದಿಂದ ಬಂದು ಅಡುಗೆಮನೆಯಲ್ಲಿದ್ದಾಗ ಇವರಿಗೆ ಫೋನ್ ಬಂತು. ಗಣಿಯಿಂದ, ಡ್ರಿಲ್ ಮೆಷಿನ್ನಿನಲ್ಲಿದ್ದ ಒಬ್ಬ ಕೆಲಸಗಾರ. ಹಳೆಯ ಕಂಪನಿಯ ಕಾಲದ ಕೆಲಸಕ್ಕಾಗಿ ಅವನೂ ಪರಿಹಾರ ಕೇಳಿದ್ದನಂತೆ. ಅಲ್ಲಿ ಅವನನ್ನು ಕಂಪನಿಯವರಲ್ಲದ, ಸರ್ಕಾರದ ಡಾಕ್ಟರುಗಳ ಮುಂದೆ ಕರೆದಿದ್ದಾರಂತೆ. ಧೂಳಿಗೆ ನೀರು ಹಾಕುತ್ತಿದ್ದರು ಎಂದು ಕಂಪನಿ ಹೇಳುತ್ತಿದೆ, ನಾನೇನು ಹೇಳಲಿ ಸಾಬ್ ಎಂದು ಕೇಳುತ್ತಿದ್ದ. ಅವನೂ ನಡುನಡುವೆ ಕೆಮ್ಮುತ್ತಿದ್ದ. ಫೋನಿನ ಸ್ಪೀಕರಿನಲ್ಲಿ ಅವನದು, ಕೋಣೆಯಲ್ಲಿ ಇವರದು, ಇಬ್ಬರ ಕೆಮ್ಮೂ ಕೇಳುತ್ತಿತ್ತು.

ಇವರು ಮೂಗಿನ ನಳಿಕೆ ತೆಗೆದರು. ಗಟ್ಟಿಯಾಗಿ, ಗಣಿಯಲ್ಲಿ ಕೂಗುತ್ತಿದ್ದ ದನಿಯಲ್ಲಿ ಹೇಳಿದರು.

"ಪಾನೀ ನಹೀಂ ಥಾ. ಮೇರಾ ನಾಮ್ ಲೇ ಲೋ."

ನೀರು ಇರಲಿಲ್ಲ. ನನ್ನ ಹೆಸರು ಹೇಳು. ಅಷ್ಟಕ್ಕೇ ನಿಲ್ಲಲಿಲ್ಲ. ಮಗಳ ಕೈಯಲ್ಲಿ ಮೊಬೈಲ್ ಹಿಡಿಸಿ, ತಮ್ಮ ಮಾತನ್ನು ವಿಡಿಯೋ ಮಾಡಿಸಿದರು. ಟ್ಯಾಂಕರ್‌ಗಳು ತಪಾಸಣೆಯ ದಿನ ಮಾತ್ರ ಓಡುತ್ತಿದ್ದವು, ಸ್ನಾನದ ಶೆಡ್ಡಿಗೆ ಬೀಗ ಇರುತ್ತಿತ್ತು, ಕೊಡುತ್ತಿದ್ದ ಮಾಸ್ಕು ಎರಡು ದಿನಕ್ಕೆ ಹರಿಯುತ್ತಿತ್ತು, ಹೊಸದು ಕೇಳಿದರೆ ಬೈಯುತ್ತಿದ್ದರು, ಇದಕ್ಕೆಲ್ಲ ನಾನು ಸಾಕ್ಷಿ, ಇದನ್ನು ತಡೆಯುವುದು ನನ್ನ ಕೆಲಸವಾಗಿತ್ತು, ನನ್ನಿಂದ ಆಗಲಿಲ್ಲ ಎಂದು ಹಿಂದಿಯಲ್ಲಿ, ನಿಲ್ಲಿಸಿ ನಿಲ್ಲಿಸಿ, ಹೇಳಿ ಮುಗಿಸಿದರು. ಮಗಳು ಅಳುತ್ತಾ ಹಿಡಿದುಕೊಂಡಿದ್ದಳು, ಆಮೇಲೆ ಅದನ್ನು ಅವನಿಗೆ ಕಳಿಸಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಇದನ್ನ ಅವತ್ತು ಯಾಕ್ರೀ ಹೇಳ್ಲಿಲ್ಲ?" ಎಂದೆ, ಎಲ್ಲ ಮುಗಿದ ಮೇಲೆ.

"ಅವತ್ತು ನನಗೋಸ್ಕರ ಹೇಳ್ದಂಗಾಗ್ತಿತ್ತು."

"ನಿಮಗೋಸ್ಕರ ಅಂತ ಯಾಕಂದ್ಕೊಂಡ್ರಿ? ಪಕ್ಕದ ಕುರ್ಚಿಲಿ ನಾನು ಕೂತಿರ್ಲಿಲ್ವಾ?"

ಅವರು ನನ್ನನ್ನು ನೋಡಿದರು. ನಿಜವಾಗಿಯೂ ಆ ಯೋಚನೆ ಅವರಿಗೆ ಬಂದಿರಲಿಲ್ಲ ಎಂದು ಆ ನೋಟದಲ್ಲೇ ಗೊತ್ತಾಯಿತು. ಒಳ್ಳೆಯ ಮನುಷ್ಯ. ಊರಿನವರೆಲ್ಲ ಹಾಗೇ ಹೇಳುತ್ತಾರೆ, ನಾನೂ ಇಲ್ಲ ಎನ್ನುವುದಿಲ್ಲ. ಆ ಒಳ್ಳೆಯತನದ ಲೆಕ್ಕದಲ್ಲಿ ಹೆಂಡತಿ ಎಂಬುವಳು ಬೇರೆಯವಳಲ್ಲ, ಅವರದೇ ಭಾಗವಾಗಿಹೋಗಿದ್ದಳು. ತಮ್ಮನ್ನು ಮರೆಯುವಾಗ ಅವಳನ್ನೂ ಸೇರಿಸಿಯೇ ಮರೆತಿದ್ದರು.

ನಾನು ಆ ವಿಡಿಯೋ ಹಿಡಿದುಕೊಂಡು ಮತ್ತೆ ರಾಜಾಜಿನಗರದ ಆಫೀಸಿಗೆ ಹೋದೆ. ಅದೇ ಅಧಿಕಾರಿ. ಪೂರ್ತಿ ನೋಡಿದರು. ಅವರ ಕಣ್ಣು ಒದ್ದೆಯಾದಂತೆಯೂ ಅನಿಸಿತು.

"ಮೇಡಂ, ಮುಂಚೆ ಒಂದು ಹೇಳಿ ಸೈನ್ ಮಾಡಿದಾರೆ. ಈಗ ಇನ್ನೊಂದು ಹೇಳಿದ್ರೆ ನಾನೇನ್ ಮಾಡ್ಲಿ, ನೀವೇ ಹೇಳಿ" ಎಂದರು.

"ನಿಮ್ಮ ಮನೇಲಿ ಯಾರಾದ್ರೂ ಗಣಿಲಿ ಕೆಲಸ ಮಾಡ್ತಾರಾ?" ಎಂದೆ.

"ಇಲ್ಲ ಮೇಡಂ."

"ಒಳ್ಳೇದು" ಎಂದು ಎದ್ದು ಬಂದೆ. ಅದಕ್ಕಿಂತ ಹೆಚ್ಚು ಏನು ಹೇಳಬೇಕಿತ್ತೋ ಈಗಲೂ ಹೊಳೆದಿಲ್ಲ.

ಚಳಿಗಾಲದಲ್ಲಿ ಇವರು ಹೋದರು. ಬೆಳಗ್ಗೆ, ಮಗಳು ಕಾಲೇಜಿಗೆ ಹೊರಟ ಸ್ವಲ್ಪ ಹೊತ್ತಿಗೆ. ಒಂದು ಉಸಿರು ಎಳೆದುಕೊಂಡರು, ಇನ್ನೊಂದನ್ನು ಎಳೆದುಕೊಳ್ಳಲಿಲ್ಲ. ಮೆಷಿನ್ ಓಡುತ್ತಲೇ ಇತ್ತು. ನಾನೇ ಎದ್ದು ಆಫ್ ಮಾಡಿದೆ. ಆಸ್ಪತ್ರೆಯಿಂದ ಬಂದವರು ಸಾವಿಗೆ ಕಾರಣ ಹೃದಯಸ್ತಂಭನ ಎಂದು ಬರೆಯಲು ಹೋದಾಗ, ಮಲ್ಲತ್ತಹಳ್ಳಿ ಕಡೆಯ ಆ ಡಾಕ್ಟರಮ್ಮನಿಗೆ ಫೋನ್ ಮಾಡಿ, ಅವಳ ಬಾಯಿಂದ ಹೇಳಿಸಿ, ಕಲ್ಲಿದ್ದಲ ಧೂಳಿನ ಕಾಯಿಲೆ ಎಂದೇ ಬರೆಸಿದೆ. ಹೆಣ ಒಳಗಿರುವಾಗ ಹೊರಗೆ ನಿಂತು ಇದಕ್ಕಾಗಿ ಜಗಳವಾಡುತ್ತಿದ್ದೇನೆಂದು ಅತ್ತಿಗೆ ಬಂದವರ ಹತ್ತಿರವೆಲ್ಲ ಹೇಳಿದರಂತೆ. ಹೇಳಿಕೊಳ್ಳಲಿ. ಅಣ್ಣ ಕಾರ್ಯಗಳನ್ನೆಲ್ಲ ಮುಂದೆ ನಿಂತು ಮಾಡಿಸಿದ, ತುಂಬ ಅತ್ತ. ಅವನ ಅಳು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಅದರ ಹತ್ತಿರ ಹೋಗಲು ನನಗೆ ಮನಸ್ಸಾಗಲಿಲ್ಲ.

ತಿಥಿಯಾದ ಮೇಲೆ ಒಂದು ದಿನ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹೆಂಗಸರಿಗೆ ಕೆಲಸ ಹಂಚುತ್ತಿದ್ದಾಗ, ಇವರ ಫೋನಿಗೆ ಕರೆ ಬಂತು. ಇವರ ಫೋನನ್ನು ನಾನೇ ಇಟ್ಟುಕೊಂಡಿದ್ದೆ. ಆ ಡ್ರಿಲ್ಲಿನವನೇ. ದನಿಯಲ್ಲಿ ಸಂಭ್ರಮ. ತನ್ನದು ಗಣಿಯ ಕಾಯಿಲೆ ಎಂದು ಆ ಡಾಕ್ಟರುಗಳು ಒಪ್ಪಿಕೊಂಡರಂತೆ. ಸಾಬ್ ಹೇಳಿದ ಮಾತಿನಿಂದಲೇ ಆಯಿತು, ಸಾಬ್‌ಗೆ ಫೋನ್ ಕೊಡಿ ಭಾಭೀಜಿ ಎಂದ.

ಸಾಬ್ ಇಲ್ಲ ಎಂದೆ. ಅವನು ಹೊರಗೆ ಹೋಗಿದ್ದಾರೆ ಎಂದುಕೊಂಡು, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದ. ನನಗೆ ಬರುವ ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಆಮೇಲೆ ಅವನು ಅಳಲು ಶುರುಮಾಡಿದ, ದೊಡ್ಡ ದನಿಯಲ್ಲಿ, ಮನೆಯವರನ್ನು ಕಳೆದುಕೊಂಡವರ ಹಾಗೆ. ಅಳು ಕೆಮ್ಮಿಗೆ ತಿರುಗಿತು. ಹಿಂದಿನಿಂದ ಒಬ್ಬ ಹೆಂಗಸು ಓಡಿಬಂದು ಏನಾಯಿತು ಏನಾಯಿತು ಎಂದು ಕೇಳುವುದು ಕೇಳಿಸಿತು. ಅವನ ಹೆಂಡತಿ ಇರಬೇಕು, ಫೋನನ್ನು ಅವಳೇ ತೆಗೆದುಕೊಂಡಳು.

ನನಗೆ ಸಂತೋಷವಾಗಬೇಕಿತ್ತು. ಒಬ್ಬನಿಗಾದರೂ ಆಯಿತಲ್ಲ ಎಂದು ಯಾರಾದರೂ ಹೇಳಬಹುದು. ಡಾಕ್ಟರಮ್ಮ ಹೇಳಿಯೂ ಹೇಳಿದಳು. ನಾನು ಒಳಗೆಲ್ಲ ಹುಡುಕಿದೆ, ಆ ಸಂತೋಷ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಆ ಹೆಂಗಸಿನ ಮೇಲಿನ ಹೊಟ್ಟೆಕಿಚ್ಚು. ಅವಳ ಗಂಡ ನಿಜ ಹೇಳಿದ್ದ. ನನ್ನ ಗಂಡ ಹೇಳಿಕೊಟ್ಟಿದ್ದ ನಿಜ.

"ಅವ್ರಿಗೆ ನೀರು ಕುಡಿಸು ಬೆಹೆನ್" ಎಂದು ಅವಳಿಗೆ ಹೇಳಿ ಫೋನ್ ಇಟ್ಟೆ. ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ನಮ್ಮ ಹುಡುಗಿಯೊಬ್ಬಳು ಒಣ ಕಸ ಗುಡಿಸುತ್ತಿದ್ದಳು, ಪಿಲ್ಲರುಗಳ ಮಧ್ಯೆ ಧೂಳು ಎದ್ದು ತುಂಬಿಕೊಂಡಿತ್ತು. ಮುಖಕ್ಕೆ ಏನಾದರೂ ಕಟ್ಟಿಕೋ ಎಂದೆ. ಸೆಖೆ ಆಗುತ್ತದೆ ಆಂಟಿ ಎಂದಳು. ಕಟ್ಟಿಕೊಳ್ಳದಿದ್ದರೆ ನಾಳೆಯಿಂದ ಬರಬೇಡ ಎಂದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ, ದುಪಟ್ಟಾ ಬಿಗಿದುಕೊಂಡಳು.